ಮನೆಯೊಳಗಿನ ಕಾಡಿಗೆ ಕಾವಲುಗಾರರಿಲ್ಲ

ದೀಪಾವಳಿ ಕಳೆದು ಅಡಿಕೆ ಕೊಯ್ಲು ಆರಂಭವಾಗುವ ಹೊತ್ತಿಗೆ ಮಲೆನಾಡಿನ ಕೇರಿಗಳಿಗೆ ಟೆಂಪೊಗಳು ಬರುತ್ತವೆ. ಅವುಗಳಲ್ಲಿ ಬಂದವರು ಅಡಿಕೆಯ ಮಾತನ್ನಾಡುವುದಿಲ್ಲ. ಅಟ್ಟದ ಮೇಲಿನ ಪೆಟ್ಟಿಗೆ, ಮೂಲೆಗೆ ಸೇರಿದ ತೊಟ್ಟಿಲು, ಕೊಟ್ಟಿಗೆಯಲ್ಲಿ ಬಿದ್ದ ಹಳೆಯ ಬಾಗಿಲು, ಜಗುಲಿಯ ಕಂಬ ಇವುಗಳನ್ನು ವಿಚಾರಿಸುತ್ತಾರೆ. ಮನೆಯವರಿಗೂ ಅವು ಬೇಡವಾಗಿರುತ್ತವೆ. ಕಪ್ಪಾಗಿವೆ, ಜಿಡ್ಡು ಹಿಡಿದಿವೆ, ನೋಟಕ್ಕೆ ಚೆನ್ನಾಗಿಲ್ಲ, ಮದುವೆಗೆ ಬಂದ ನೆಂಟರೆದುರು ನಾಚಿಕೆಯಾಗುತ್ತದೆ. ಒಂದಿಷ್ಟು ಹಣ ಅಥವಾ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳಿಗೆ ವ್ಯವಹಾರ ಮುಗಿಯುತ್ತದೆ. ಅದೇ ಪೆಟ್ಟಿಗೆ ತೊಳೆಸಿಕೊಂಡು, ಎಣ್ಣೆ ಕುಡಿದು, ಕೆಲವೇ ತಿಂಗಳಲ್ಲಿ ನಗರದ ಹೋಟೆಲಿನ ಪಡಸಾಲೆಯಲ್ಲಿ ಮಾರಿದ ಬೆಲೆಯ ಹತ್ತಾರು ಪಟ್ಟಿಗೆ ಕುಳಿತಿರುತ್ತದೆ. ಮಾರಿದವನ ಮನೆಗೆ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆಯ ಕಪಾಟು ಬಂದಿರುತ್ತದೆ; ಎರಡು ಮಳೆಗಾಲ ಕಳೆಯುವುದರೊಳಗೆ ಅದರ ಬುಡ ಊದಿಕೊಂಡು ಉದುರತೊಡಗುತ್ತದೆ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತರು. ನಿಂತ ಮರವನ್ನು ಉಳಿಸಬೇಕೆಂಬ ಆ ವಿವೇಕ ಮಲೆನಾಡಿಗೆ ಹೆಸರು ತಂದಿತು. ಆದರೆ ನೂರು ವರ್ಷಗಳ ಹಿಂದೆಯೇ ಉರುಳಿ, ಹಲಗೆಯಾಗಿ, ಮನೆಯೊಳಗೆ ಬಂದು ನೆಲೆಸಿದ ಮರದ ಬಗ್ಗೆ ಅದೇ ಮಲೆನಾಡಿಗೆ ಯಾವ ವಿವೇಕವೂ ಇಲ್ಲ. ಕಾಡಿನ ಮರಕ್ಕೆ ಕಾನೂನಿದೆ, ಕಾವಲುಗಾರನಿದ್ದಾನೆ, ನ್ಯಾಯಾಲಯವಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಿದೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಆದೇಶವಿದೆ. ಮನೆಯೊಳಗಿನ ಮರಕ್ಕೆ ಇರುವುದು ಮನೆಯವರು ಮಾತ್ರ. ಅವರೇ ಕೈಬಿಟ್ಟರೆ ಅದನ್ನು ಕೇಳುವವರಿಲ್ಲ.

ಹಳೆಯ ಮರದ ಸಾಮಾನಿಗೆ ಮೊದಲಿನ ನೋಟವನ್ನು ಮರಳಿ ತರುವುದು ಅಲಂಕಾರದ ಹವ್ಯಾಸವೆಂದು ಪಟ್ಟಣದವರು ತಿಳಿದಿದ್ದಾರೆ. ಮಲೆನಾಡಿಗೆ ಅದು ಅರಣ್ಯ ರಕ್ಷಣೆಯ ಕೊನೆಯ ಹಂತ. ಅದಕ್ಕೆ ಬೇಕಾದದ್ದು ಒಂದು ಹಳೆಯ ಪಂಚೆಯ ತುಂಡು, ಸ್ವಲ್ಪ ಎಣ್ಣೆ, ಸ್ವಲ್ಪ ಮೇಣ ಮತ್ತು ಕೆಲವು ದಿನಗಳ ತಾಳ್ಮೆ.

ಮರವಿಲ್ಲದ ಊರಿನ ಪಾಠ

ಮರದ ಬೆಲೆಯನ್ನು ಮರ ಹೇರಳವಾಗಿರುವ ಊರಿನಲ್ಲಿ ಕಲಿಯುವುದು ಕಷ್ಟ. ಅದಕ್ಕೆ ರಾಜ್ಯದ ಇನ್ನೊಂದು ತುದಿಗೆ, ಬೀದರ ಜಿಲ್ಲೆಗೆ, ಹೋಗಬೇಕು. ಹುಮನಾಬಾದಿನ ಮಗ್ಗುಲಲ್ಲಿ ಮಾಣಿಕಪ್ರಭುಗಳ ಸಮಾಧಿಯಿರುವ ಮಾಣಿಕನಗರವಿದೆ. ಅಲ್ಲಿಂದ ಪಶ್ಚಿಮಕ್ಕೆ ಬಸವಕಲ್ಯಾಣ. ಕಪ್ಪು ಮಣ್ಣು, ಕೆಂಪು ಜಂಬಿಟ್ಟಿಗೆ, ಜೋಳ, ತೊಗರಿ, ಕಡಲೆ ಇವು ಆ ಸೀಮೆಯ ಗುರುತು. ಆಗುಂಬೆಯಲ್ಲಿ ಒಂದು ತಿಂಗಳಲ್ಲಿ ಸುರಿಯುವಷ್ಟು ಮಳೆ ಅಲ್ಲಿ ಇಡೀ ವರ್ಷಕ್ಕೂ ಬಾರದು. ತೊಲೆಗೆ ಒದಗುವ ಮರ ಅಲ್ಲಿ ಅಪರೂಪ. ಆದ್ದರಿಂದಲೇ ಅಲ್ಲಿ ಮನೆಗಳನ್ನು ಕಲ್ಲಿನಿಂದ ಕಟ್ಟಿದರು. ಮರವನ್ನು ಬಾಗಿಲಿಗೆ, ತೊಲೆಗೆ, ಕೂರಿಗೆ ಕುಂಟೆಗಳಿಗೆ ಮೀಸಲಿಟ್ಟರು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮರದ ಕೆಲಸಕ್ಕೆ ಎಂಥ ಗೌರವವಿತ್ತೆಂಬುದಕ್ಕೆ ಒಂದು ಹೆಸರೇ ಸಾಕ್ಷಿ. ಶರಣರಲ್ಲಿ ಬಾಚಿ ಕಾಯಕದ ಬಸವಪ್ಪ ಎಂಬ ವಚನಕಾರನಿದ್ದನು. ಬಾಚಿಯೆಂದರೆ ಬಡಗಿಯು ಮರ ಕೆತ್ತುವ ಉಪಕರಣ. ಆ ಉಪಕರಣವೇ ಅವನ ಹೆಸರಿನೊಳಗೆ ಸೇರಿತು. ಬೀದರ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಹದಿನಾರನೆಯ ಶತಮಾನದ ಅಲಿ ಬರೀದನ ಕಾಲದ ಕೆತ್ತನೆಯ ಮರದ ಕಂಬಗಳು ಇಂದಿಗೂ ನಿಂತಿವೆ. ನಾಲ್ಕು ಶತಮಾನಗಳ ಮೇಲೂ ಮರ ಉಳಿಯಬಲ್ಲದು. ಅದಕ್ಕೆ ಮೇಲೆ ಸೂರು, ಕೆಳಗೆ ಒಣನೆಲ ಮತ್ತು ಗೆದ್ದಲು ಬಾರದಂತೆ ನೋಡುವ ಕಣ್ಣು ಇಷ್ಟಿದ್ದರೆ ಸಾಕು. ಮಲೆನಾಡಿನ ಮನೆಯಲ್ಲಿ ನೂರು ವರ್ಷದ ಪೆಟ್ಟಿಗೆ ಹಾಳಾಗಿದ್ದರೆ ಅದು ಮರದ ದೋಷವಲ್ಲ.

ಬೀದರದ ಸೀಮೆಯನ್ನು ಇಲ್ಲಿ ನೆನೆಯಲು ಇನ್ನೊಂದು ಕಾರಣವೂ ಇದೆ. ಮಲೆನಾಡಿನ ಹಳೆಯ ಮರಕ್ಕೆ ಬೇಕಾದ ಮದ್ದು ಬೆಳೆಯುವುದು ಅಂಥ ಬಯಲಿನಲ್ಲಿಯೇ. ಹಿಂಗಾರಿನಲ್ಲಿ ಉತ್ತರ ಕರ್ನಾಟಕದ ಹೊಲಗಳಲ್ಲಿ ನೀಲಿ ಹೂ ಬಿಡುವ ಅಗಸೆ, ಚಟ್ನಿಪುಡಿಗೆ ಮಾತ್ರವಲ್ಲ, ಮರಕ್ಕೂ ಆಹಾರ. ಬಯಲಿನ ಬದುಗಳಲ್ಲಿ ಕೆಂಪಾಗಿ ಅರಳುವ ಮುತ್ತುಗ, ಮುಳ್ಳಿನ ಬೋರೆ, ಕಾಡಿನ ಸಾಗಡೆ ಇವು ಅರಗಿನ ಹುಳುವಿಗೆ ಆಶ್ರಯ ಕೊಡುವ ಮರಗಳು. ಅರಗು ಇಂದು ಹೆಚ್ಚಾಗಿ ಬರುವುದು ಜಾರ್ಖಂಡ ಮತ್ತು ಛತ್ತೀಸಗಡಗಳಿಂದ. ಆದರೆ ಅದರ ಹೊಳಪನ್ನು ಕನ್ನಡಿಗರು ಬಲ್ಲರು: ಚನ್ನಪಟ್ಟಣದ ಗೊಂಬೆಗಳು ಮಿನುಗುವುದು ಅರಗಿನಿಂದಲೇ, ಅಂಗಡಿಯ ವಾರ್ನಿಶಿನಿಂದಲ್ಲ.

ಕಪ್ಪು ಕೊಳೆಯಲ್ಲ

ಹಳೆಯ ಬೀಟೆಯ ಅಥವಾ ಸಾಗವಾನಿಯ ಪೆಟ್ಟಿಗೆಯ ಮೇಲಿನ ಕಪ್ಪು ಎರಡು ಬಗೆಯದು. ಮೊದಲನೆಯದು ಒಲೆಯ ಮಸಿ, ಧೂಳು, ಕೈಯ ಜಿಡ್ಡು. ಅದು ಕೊಳೆ, ಹೋಗಬೇಕು. ಎರಡನೆಯದು ಗಾಳಿ, ಬೆಳಕುಗಳಿಗೆ ಮರದೊಳಗಿನ ಲಿಗ್ನಿನ್ ಮತ್ತು ಟ್ಯಾನಿನ್‌ಗಳು ದಶಕಗಟ್ಟಲೆ ಮೈಯೊಡ್ಡಿ ಪಡೆದ ಬಣ್ಣ. ಅದು ಮರದ ವಯಸ್ಸು. ಈ ಬಣ್ಣವಿರುವುದು ಮೇಲ್ಮೈಯ ತೀರಾ ತೆಳುವಾದ ಪದರದಲ್ಲಿ. ಯಂತ್ರಕ್ಕೆ ಮರಳುಕಾಗದ ಸಿಕ್ಕಿಸಿ ಹತ್ತು ನಿಮಿಷ ಉಜ್ಜಿದರೆ ಮೂರು ತಲೆಮಾರುಗಳ ಬಣ್ಣ ಹಿಟ್ಟಾಗಿ ನೆಲಕ್ಕೆ ಬೀಳುತ್ತದೆ. ಉಳಿಯುವುದು ಪೇಲವವಾದ ಮರ. ಅದಕ್ಕೆ ಮತ್ತೆ ಡಬ್ಬಿಯ ಕಂದು ಬಣ್ಣ ಬಳಿದು, ಮೇಲೆ ಮೆಲಮೈನ್ ಅಥವಾ ಪಾಲಿಯುರೆಥೇನ್ ಪಾಲಿಷ್ ಸಿಂಪಡಿಸಿ ಕನ್ನಡಿಯಂತೆ ಮಾಡುತ್ತಾರೆ. ಇದಕ್ಕೆ ಜೀರ್ಣೋದ್ಧಾರವೆಂಬ ಹೆಸರು ಬೇರೆ!

ಈ ಪದರಗಳಿಗೆ ಇನ್ನೊಂದು ದೋಷವಿದೆ. ಮಲೆನಾಡಿನ ಮರವು ಆಷಾಢದಲ್ಲಿ ತೇವ ಹೀರಿ ಹಿಗ್ಗುತ್ತದೆ, ಮಾಘದಲ್ಲಿ ಒಣಗಿ ಕುಗ್ಗುತ್ತದೆ. ಅದರೊಡನೆ ಹಿಗ್ಗಿ ಕುಗ್ಗಲಾರದ ಗಡಸು ಪದರ ಬಿರುಕು ಬಿಡುತ್ತದೆ; ಬಿರುಕಿನಿಂದ ಒಳಹೊಕ್ಕ ತೇವ ಹೊರಬರಲಾರದೆ ಬಿಳಿಯ ಮಚ್ಚೆಯಾಗುತ್ತದೆ. ಆಗ ಅದನ್ನು ತೇಪೆ ಹಾಕಿ ಸರಿಪಡಿಸಲಾಗದು, ಇಡಿಯಾಗಿ ಕೆರೆದು ತೆಗೆಯಬೇಕು. ಎಣ್ಣೆ, ಮೇಣ, ಅರಗು ಹಾಗಲ್ಲ. ಅವು ಸವೆದಲ್ಲಿಗೆ ಇನ್ನೊಮ್ಮೆ ಸವರಿದರೆ ಸಾಕು.

ದೇವಸ್ಥಾನಗಳ ಆಡಳಿತ ಸಮಿತಿಗಳ ಅಪರಾಧ ಇನ್ನೂ ದೊಡ್ಡದು. ಭಕ್ತರ ಕಾಣಿಕೆಯಿಂದ ಕೆತ್ತನೆಯ ಕಂಬಗಳಿಗೆ, ಪಲ್ಲಕ್ಕಿಗಳಿಗೆ, ರಥದ ಗೊಂಬೆಗಳಿಗೆ ಎನಾಮೆಲ್ ಬಣ್ಣ ಬಳಿಸಿ, ಬಳಿಸಿದವರ ಹೆಸರನ್ನು ಅದರ ಮೇಲೆಯೇ ಬರೆಸುವ ಸಮಿತಿಗಳು ಕಡಿಮೆಯಿಲ್ಲ. ಆಚಾರಿಯ ಉಳಿಯ ಗೆರೆಗಳು ಬಣ್ಣದಲ್ಲಿ ಹೂತುಹೋಗಿವೆ. ಭಕ್ತಿಯ ಹೆಸರಿನಲ್ಲಿ ನಡೆಯುವ ಈ ಕೆಲಸವನ್ನು ಪ್ರಶ್ನಿಸಲು ಊರಿನವರು ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ.

ಹಳೆಯ ಬಣ್ಣವನ್ನು ಕೆರೆಯುವಾಗ ಪ್ರಾಣಾಪಾಯವೂ ಉಂಟು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ರೂಪುಗೊಂಡದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಬಳಿದ ಎಣ್ಣೆಬಣ್ಣಗಳಲ್ಲಿ, ವಿಶೇಷವಾಗಿ ಹಳದಿ, ಕೆಂಪು, ಹಸಿರುಗಳಲ್ಲಿ, ಸೀಸ ಇರಬಹುದೆಂದೇ ತಿಳಿಯಬೇಕು. ಅಂಥ ತೊಟ್ಟಿಲನ್ನೋ ಕಿಟಕಿಯನ್ನೋ ಒಣಗಿರುವಾಗಲೇ ಉಜ್ಜಿದರೆ ಸೀಸದ ಧೂಳು ಮನೆಯ ಮಗುವಿನ ಬಾಯಿಗೆ ಹೋಗುತ್ತದೆ. ಮಗುವಿನ ಮಿದುಳಿಗೆ ಅದು ಮಾಡುವ ಹಾನಿಗೆ ಪರಿಹಾರವಿಲ್ಲ. ಅದನ್ನು ಸುಟ್ಟು ತೆಗೆಯುವುದು ಇನ್ನೂ ಕೆಡುಕು. ಬಣ್ಣ ಗಟ್ಟಿಯಾಗಿ ಕುಳಿತಿದ್ದರೆ ಹಾಗೆಯೇ ಬಿಡುವುದು ಲೇಸು. ಏಳುತ್ತಿದ್ದರೆ ಒದ್ದೆಮಾಡಿ, ಮನೆಯ ಹೊರಗೆ, ಮಕ್ಕಳಿಂದ ದೂರದಲ್ಲಿ, ಮುಖಕ್ಕೆ ಧೂಳು ತಡೆಯುವ ಮಾಸ್ಕ್ ಕಟ್ಟಿಕೊಂಡು ತೆಗೆಯಬೇಕು. ಉದುರಿದ್ದನ್ನು ತೋಟಕ್ಕೂ ಒಲೆಗೂ ಹಾಕಬಾರದು.

ಮಾಡುವ ಬಗೆ

ಈ ಕೆಲಸಕ್ಕೆ ಕಾಲ ಮುಖ್ಯ. ಮಳೆಗಾಲದಲ್ಲಿ ಕೈಹಾಕಬಾರದು, ಕಾರ್ತಿಕದಿಂದ ಶಿವರಾತ್ರಿಯವರೆಗೆ ತಕ್ಕ ಸಮಯ. ಮೊದಲು ಒಣಬಟ್ಟೆಯಿಂದ, ಕೆತ್ತನೆಯ ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಧೂಳು ತೆಗೆಯಬೇಕು. ಬಳಿಕ ಅಂಟುವಾಳದ ನೀರಿನಲ್ಲಿ ಬಟ್ಟೆಯದ್ದಿ, ನೀರು ತೊಟ್ಟಿಕ್ಕದಂತೆ ಗಟ್ಟಿಯಾಗಿ ಹಿಂಡಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಒರಸಿ ನೋಡಬೇಕು. ಮರಕ್ಕೆ ಏನೂ ಆಗದಿದ್ದರೆ ಉಳಿದೆಡೆಗೂ ಅದೇ ಕ್ರಮ. ಕೊಡ ತುಂಬ ನೀರು ಸುರಿದು ತೊಳೆಯುವುದು, ಸೋಡಾ ಹಾಕಿ ತಿಕ್ಕುವುದು ಎರಡೂ ತಪ್ಪು. ಒರಸಿದ ಸಾಮಾನು ಎರಡು ಮೂರು ದಿನ ನೆರಳಿನಲ್ಲಿ ಆರಬೇಕು. ಅಂಗಳದ ಬಿಸಿಲಿಗಿಟ್ಟರೆ ಹಲಗೆ ಸೊಟ್ಟಗಾಗಿ ಸೀಳುತ್ತದೆ.

ಹಿಂದೆ ಯಾವ ಪಾಲಿಷ್ ಹಾಕಿತ್ತೆಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಮರೆಯಾದ ಜಾಗದಲ್ಲಿ ಬಡಗಿಗಳು ಬಳಸುವ ಸ್ಪಿರಿಟ್ಟಿನ ಒಂದು ಹನಿ ಮುಟ್ಟಿಸಬೇಕು. ಅಲ್ಲಿ ಅಂಟಂಟಾದರೆ ಅದು ಅರಗು. ಅರಗಿನ ಸಾಮಾನಿಗೆ ಅರಗನ್ನೇ ಹಾಕುವುದು ಯೋಗ್ಯ: ಒಂದು ಲೀಟರ್ ಸ್ಪಿರಿಟ್ಟಿಗೆ ಸುಮಾರು 150 ಗ್ರಾಂ ಅರಗಿನ ಚಕ್ಕೆ ಹಾಕಿ ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ ಉಂಡೆಯಿಂದ ತೆಳುವಾಗಿ ಸವರಬೇಕು. ಒಂದು ದಪ್ಪ ಪದರಕ್ಕಿಂತ ಐದು ತೆಳು ಪದರ ಮೇಲು. ಈ ಸ್ಪಿರಿಟ್ ಬೇಗ ಹೊತ್ತಿಕೊಳ್ಳುವ ವಿಷವಸ್ತು; ಕಿಟಕಿ ತೆರೆದಿರಬೇಕು, ಒಲೆ ಹತ್ತಿರವಿರಬಾರದು.

ಯಾವ ಪಾಲಿಷೂ ಇಲ್ಲದ ಮರಕ್ಕೆ ಅಗಸೆ ಎಣ್ಣೆ. ಇಲ್ಲಿ ಒಂದು ರಸಾಯನವನ್ನು ತಿಳಿದಿರಬೇಕು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ತೆಂಗಿನೆಣ್ಣೆ ಎಂದಿಗೂ ಗಟ್ಟಿಯಾಗದು. ಹಬ್ಬಕ್ಕೊಮ್ಮೆ ಬಾಗಿಲಿಗೆ ತೆಂಗಿನೆಣ್ಣೆ ಸವರುವ ಮನೆಗಳಲ್ಲಿ ಆ ದಿನ ಹೊಳಪು ಕಾಣುತ್ತದೆ. ಆಮೇಲೆ ಅದು ಧೂಳು ಹಿಡಿದು, ಕಮಟು ವಾಸನೆ ಬಂದು, ಮರವನ್ನು ಇನ್ನಷ್ಟು ಕಪ್ಪು ಮಾಡುತ್ತದೆ. ಅಗಸೆ ಎಣ್ಣೆಯನ್ನು ಬಟ್ಟೆಯಿಂದ ಮರದ ಗೆರೆಯ ದಿಕ್ಕಿನಲ್ಲಿ ಸವರಿ, ಇಪ್ಪತ್ತು ನಿಮಿಷ ಬಿಟ್ಟು, ಮರ ಕುಡಿಯದೆ ಉಳಿದದ್ದನ್ನು ಪೂರ್ತಿಯಾಗಿ ಒರಸಿ ತೆಗೆಯಬೇಕು. ಒಂದು ವಾರದ ಮೇಲೆ ಎರಡನೆಯ ಸಲ, ಇನ್ನೊಂದು ವಾರಕ್ಕೆ ಮೂರನೆಯ ಸಲ. ಬಣ್ಣದಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ತೊಟ್ಟಿಲು, ಮಣೆ, ಅಡುಗೆಮನೆಯ ಸಾಮಾನುಗಳಿಗೆ ಗಾಣದ ಹಸಿ ಎಣ್ಣೆಯೇ ಆಗಬೇಕು. ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಅದು ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುತ್ತದೆ. ಇದು ಉತ್ಪ್ರೇಕ್ಷೆಯಲ್ಲ, ಆ ಬಟ್ಟೆಯನ್ನು ಹೊರಗೆ ಹರವಿ ಒಣಗಿಸಬೇಕು ಅಥವಾ ನೀರಿನಲ್ಲಿ ಅದ್ದಿಡಬೇಕು.

ಕೊನೆಗೆ ಜೇನುಮೇಣ. ಒಂದು ಪಾಲು ಮೇಣವನ್ನು ನಾಲ್ಕು ಪಾಲು ಅಗಸೆ ಎಣ್ಣೆಯಲ್ಲಿ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಆರಿದ ಮೇಲೆ ಕೊಂಚವೇ ಸವರಿ ಉಣ್ಣೆಬಟ್ಟೆಯಿಂದ ತಿಕ್ಕಿದರೆ ಮೆಲುವಾದ ಹೊಳಪು ಬರುತ್ತದೆ. 1991–92ರ ಥಾಯ್ ಸ್ಯಾಕ್‌ಬ್ರೂಡ್ ರೋಗದಲ್ಲಿ ಮಲೆನಾಡಿನ ತುಡುವೆ ಜೇನು ನೆಲಕಚ್ಚಿತ್ತು. ಮತ್ತೆ ಪೆಟ್ಟಿಗೆಯಿಟ್ಟು ಸಾಕುವವರ ಮೇಣಕ್ಕೆ ಊರೊಳಗೇ ಗಿರಾಕಿ ಹುಟ್ಟಿದರೆ ಅವರಿಗೂ ಆಸರೆ. ಆದರೆ ಹಳೆಯ ವಾರ್ನಿಶಿನ ನೆನಪಿನಲ್ಲಿ ಧೂಪದ ಮರದ ರಾಳವನ್ನು ಹುಡುಕಿ ಹೊರಡುವುದು ಬೇಡ. ರಾಳಕ್ಕಾಗಿ ಬುಡ ಕಡಿದು, ಬೆಂಕಿ ತಾಗಿಸಿ ಸಾಯಿಸಿದ ಧೂಪಗಳು ಈಗಾಗಲೇ ಸಾಕಷ್ಟಿವೆ. ಪೆಟ್ಟಿಗೆ ಉಳಿಸಲು ಮರ ಕೊಲ್ಲುವುದು ಹುಚ್ಚು.

ಬೇಡವಾದ ಮದ್ದುಗಳು

ಮಲೆನಾಡಿನಲ್ಲಿ ಮರಕ್ಕೆ ಬಳಿಯುವ ಅತ್ಯಂತ ಅಗ್ಗದ ವಸ್ತು ವಾಹನಗಳಿಂದ ತೆಗೆದ ಕರಿ ಆಯಿಲ್. ಪಕಾಸು, ಬೇಲಿಗೂಟ, ಉಣುಗೋಲುಗಳಿಂದ ಆರಂಭವಾದ ಅದು ಈಗ ಮನೆಯೊಳಗಿನ ಬಾಗಿಲಿಗೂ ಬಂದಿದೆ. ಕ್ಯಾನ್ಸರ್ ತರಬಲ್ಲ ಹೈಡ್ರೋಕಾರ್ಬನ್‌ಗಳೂ ಭಾರಲೋಹಗಳೂ ಅದರಲ್ಲಿವೆ. ಮಳೆಗೆ ತೊಳೆದು ಅದು ಬಾವಿ ಸೇರುತ್ತದೆ. ಇನ್ನೊಂದು ತೋಟದ ವಿಷ. ಗೆದ್ದಲಿಗೆಂದು ತಂದ ಕ್ಲೋರ್‌ಪೈರಿಫಾಸ್ ಮಿಕ್ಕರೆ ಬಟ್ಟೆಯ ಪೆಟ್ಟಿಗೆಗೂ ಸಿಂಪಡಿಸುವವರಿದ್ದಾರೆ. ಅದು ಕೀಟದ ನರಗಳನ್ನು ಕೆಡಿಸುವ ಬಗೆಯಲ್ಲಿಯೇ ಮನುಷ್ಯನ ನರಗಳನ್ನೂ ಕೆಡಿಸುತ್ತದೆ. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ತೊಡೆದುಹಾಕಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು.

ಹುಳುವಿಗೆ ಮೊದಲ ಮದ್ದು ನೋಡುವುದು. ಸೂಜಿಯ ಗಾತ್ರದ ರಂಧ್ರದ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಕುಟ್ಟೆ ಹುಳು ಒಳಗಿದೆ. ಪುಡಿಯಿಲ್ಲದ ಹಳೆಯ ರಂಧ್ರ ಬರಿಯ ಗಾಯದ ಕಲೆ. ಕುಟ್ಟೆ ಬಯಸುವುದು ಹೊರಭಾಗದ ಬಿಳಿಮರವನ್ನು, ಚೇಗನ್ನಲ್ಲ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲಗಳ ದ್ರಾವಣವನ್ನು, ಎಣ್ಣೆ ಹಾಕುವ ಮೊದಲು, ರಂಧ್ರಗಳಿಗೆ ಸವರಿದರೆ ಬಹುಪಾಲು ನಿಲ್ಲುತ್ತದೆ. ಅದನ್ನೂ ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಗೆದ್ದಲಿಗೆ ತೇವವೇ ದಾರಿ. ಸಾಮಾನನ್ನು ಗೋಡೆಯಿಂದ ಒಂದು ಗೇಣು ಈಚೆಗೆಳೆದು, ಕಾಲುಗಳ ಕೆಳಗೆ ಕಲ್ಲಿನ ಬಿಲ್ಲೆಗಳನ್ನಿಟ್ಟು, ವಾರಕ್ಕೊಮ್ಮೆ ಹಿಂಬದಿಯನ್ನು ನೋಡಿದರೆ ಗೆದ್ದಲಿನ ಮಣ್ಣಿನ ದಾರಿ ಕಂಡೇ ಕಾಣುತ್ತದೆ.

ಒಂದು ಲೆಕ್ಕ

ನಾಲ್ಕು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ, ಅಂಗುಲ ದಪ್ಪದ ಹಲಗೆಯ ಸಾಗವಾನಿ ಪೆಟ್ಟಿಗೆಯೊಂದರಲ್ಲಿ ಸುಮಾರು ಮೂರೂಕಾಲು ಘನ ಅಡಿ ಮರವಿರುತ್ತದೆ. ಅದರ ತೂಕ ಸುಮಾರು 60 ಕಿಲೋ. ಒಣಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ, ಎಂದರೆ 30 ಕಿಲೋ. ಪೆಟ್ಟಿಗೆ ಒಲೆಗೆ ಹೋದರೆ ಅದು 110 ಕಿಲೋ ಇಂಗಾಲದ ಡೈ ಆಕ್ಸೈಡ್ ಆಗಿ ಗಾಳಿಗೆ ಮರಳುತ್ತದೆ. ಅಟ್ಟದ ಮೇಲಿದ್ದರೆ ಅಲ್ಲಿಯೇ ಇರುತ್ತದೆ. ಅಂಥ ಚೇಗು ಕಟ್ಟಲು ಕಾಡಿನ ಸಾಗವಾನಿಗೆ ಅರವತ್ತು ಎಂಬತ್ತು ವರ್ಷ ಬೇಕು. ಬೀಟೆಗೆ ಇನ್ನೂ ಹೆಚ್ಚು. ಬೀಟೆಯ ಇಡೀ ಕುಲವನ್ನು 2017ರ ಜನವರಿ 2ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿಸಬೇಕಾಗಿ ಬಂದಿತೆಂದರೆ ಕಾಡಿನಲ್ಲಿ ಅದು ಎಷ್ಟು ಉಳಿದಿದೆಯೆಂಬುದನ್ನು ಊಹಿಸಬಹುದು.

ಅದರ ಬದಲಿಗೆ ಬರುವ ಒತ್ತುಹಲಗೆಯನ್ನು ಹಿಡಿದಿಡುವುದು ಹೆಚ್ಚಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ನಿರ್ಣಯಿಸಿತು. ಸೆಖೆ ಮತ್ತು ತೇವ ಹೆಚ್ಚಿದಂತೆ ಹಲಗೆಯಿಂದ ಅದು ಹೊರಬರುವುದೂ ಹೆಚ್ಚುತ್ತದೆ. ಮಲೆನಾಡಿನಲ್ಲಿ ತೇವಕ್ಕೇನು ಬರವೇ? ‘ಇದು ತೋಪಿನ ಮರದ ಹಲಗೆ, ಕಾಡು ಉಳಿಯುತ್ತದೆ’ ಎಂಬ ವಾದವನ್ನು ವ್ಯಾಪಾರಿಗಳು ಮುಂದಿಡುತ್ತಾರೆ. ತೋಪುಗಳು ಎಲ್ಲಿ ಎದ್ದವೆಂಬುದನ್ನು ಮಲೆನಾಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೊಪ್ಪಿನಬೆಟ್ಟಗಳ ಮಗ್ಗುಲಲ್ಲಿ, ಗೋಮಾಳಗಳಲ್ಲಿ ನಿಂತ ಅಕೇಶಿಯಾ, ನೀಲಗಿರಿಗಳೇ ಅದಕ್ಕೆ ಉತ್ತರ.

ಇನ್ನೊಂದು ಆಕ್ಷೇಪಣೆಗೆ ಮರ್ಯಾದೆಯಿಂದ ಉತ್ತರಿಸಬೇಕು. ಬೀಟೆಯ ಮಂಚ, ಸಾಗವಾನಿಯ ಪೆಟ್ಟಿಗೆ ಭೂಮಿಯಿದ್ದವರ ಮನೆಯ ಮಾತು. ಅವುಗಳನ್ನು ಕೆತ್ತಿದವನ ಮನೆಯಲ್ಲಿ, ಕಾಡಿನಿಂದ ಹೊತ್ತು ತಂದವನ ಗುಡಿಸಿಲಿನಲ್ಲಿ ಅವು ಇರಲಿಲ್ಲ ಎಂಬುದು ಆ ಆಕ್ಷೇಪಣೆ. ಅದು ಸತ್ಯ. ಆದರೆ ಹಲಸಿನ ಮಣೆ, ಅಕ್ಕಿ ಅಳೆಯುವ ಕೊಳಗ, ಮತ್ತಿಯ ಒರಳು, ಒನಕೆ, ನೇಗಿಲು ಎಲ್ಲ ಮನೆಗಳಲ್ಲೂ ಇದ್ದವು. ಅವೂ ಅಷ್ಟೇ ಬೇಗ ಒಲೆ ಸೇರುತ್ತಿವೆ. ಅಗಸೆ ಎಣ್ಣೆ ಮಣೆಗೂ ಮಂಚಕ್ಕೂ ಭೇದ ಮಾಡದು. ಅಲ್ಲದೆ ಸಡಿಲವಾದ ಕೂಡುಗಳನ್ನು ಬಿಗಿಮಾಡಲು, ಮುರಿದ ಕಾಲಿಗೆ ಹೊಸ ಗೂಟ ಹೊಂದಿಸಲು ಆಚಾರಿಯೇ ಬೇಕು. ಒತ್ತುಹಲಗೆ ಬಂದ ಮೇಲೆ ಮಲೆನಾಡಿನ ಆಚಾರಿಗಳ ಮಕ್ಕಳು ನಗರಗಳಲ್ಲಿ ಆ ಹಲಗೆಗೆ ಮೊಳೆ ಹೊಡೆಯುವ ಕೂಲಿಗಳಾಗಿದ್ದಾರೆ. ಹಳೆಯದನ್ನು ರಿಪೇರಿ ಮಾಡಿಸುವ ಪ್ರತಿಯೊಂದು ಮನೆಯೂ ಅವರಿಗೆ ಊರಿನಲ್ಲಿಯೇ ಕೆಲಸ ಕೊಡುತ್ತದೆ. ಕಲ್ಯಾಣದ ಶರಣರು ಬಾಚಿಗೆ ಕೊಟ್ಟ ಗೌರವವನ್ನು ಉಳಿಸಿಕೊಳ್ಳುವ ದಾರಿ ಅದು, ಜಯಂತಿಯ ಭಾಷಣವಲ್ಲ.

ಮಲೆನಾಡಿನ ಕಾಲೇಜುಗಳ ವಿದ್ಯಾರ್ಥಿಗಳು ವನಮಹೋತ್ಸವದ ದಿನ ಸಸಿ ನೆಟ್ಟು ಚಿತ್ರ ತೆಗೆಸಿಕೊಳ್ಳುತ್ತಾರೆ. ಈ ಚಳಿಗಾಲದ ರಜೆಯಲ್ಲಿ ಅವರು ತಮ್ಮ ತಮ್ಮ ಅಟ್ಟಗಳನ್ನು ಹತ್ತಲಿ. ಅಲ್ಲಿರುವ ಪ್ರತಿಯೊಂದು ಮರದ ವಸ್ತುವಿನ ಹೆಸರು, ಮರದ ಜಾತಿ, ಅದನ್ನು ಮಾಡಿದವರು ಯಾರೆಂಬ ಹಿರಿಯರ ನೆನಪು ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಒಂದೇ ಒಂದು ವಸ್ತುವನ್ನು, ಅದು ಮಣೆಯೇ ಆಗಿರಲಿ, ಒರಸಿ ಎಣ್ಣೆ ಹಚ್ಚಿ ಜಗುಲಿಗೆ ತರಲಿ. ಮಾರಲೇಬೇಕಾದ ಕಷ್ಟ ಬಂದವರು ಕೊನೆಯ ಪಕ್ಷ ತಿಳಿದು ಮಾರಲಿ: ನೂರು ವರ್ಷ ದಾಟಿದ ಕೆತ್ತನೆಯ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯಿದೆ ಅನ್ವಯಿಸುತ್ತದೆ, ಅವುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಟೆಂಪೊದಲ್ಲಿ ಬಂದವರಿಗೆ ಈ ಕಾಯಿದೆಯ ಹೆಸರು ಹೇಳಿ ನೋಡಬಹುದು. ಚೌಕಾಸಿಯ ಧಾಟಿ ಬದಲಾಗುತ್ತದೆ.

ಮುಂದಿನ ದೀಪಾವಳಿಗೂ ಟೆಂಪೊ ಬರುತ್ತದೆ. ಅಷ್ಟರೊಳಗೆ ಪೆಟ್ಟಿಗೆ ಅಟ್ಟದಿಂದಿಳಿದು ಜಗುಲಿಗೆ ಬಂದು, ಅದರ ಮೇಲೆ ಮನೆಯ ಹಿರಿಯರು ಕವಳದ ಬಟ್ಟಲು ಇಟ್ಟುಕೊಂಡು ಕೂರುವಂತಾಗಿದ್ದರೆ, ಬಂದವರು ಎಷ್ಟು ಹಣ ಹೇಳಿದರೂ ‘ಕೊಡುವುದಿಲ್ಲ’ ಎಂಬ ಮಾತು ಮನೆಯವರ ಬಾಯಿಂದ ತಾನಾಗಿ ಬರುತ್ತದೆ.